ನಾಲ್ಕನೆಯವರ ಸಂಪಾದನೆ

ಬಾಗಿಲು ಬಡಿದ ಸದ್ದು ಕೇಳಿದಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಕಟ್ಟಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದರು. ಅವರ ಮಗಳ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಿಂಡಿಯಿಂದ ಇಣುಕಿದೆ. ವಸತಿ ಕಚೇರಿಯ ಮೇಡಂ. ಮಧ್ಯಾಹ್ನ ತನಿಖೆಗೆ ಬರುತ್ತೇನೆ ಎಂದವರು ಬೆಳಿಗ್ಗೆಯೇ ಬಂದು ನಿಂತಿದ್ದರು.

"ಅತ್ತೆ, ದಮ್ಮಯ್ಯ, ಆ ಚೀಲ ಕೆಳಗಿಡಿ," ಎಂದು ಪಿಸುಗುಟ್ಟಿದೆ.

"ಯಾಕೆ? ಕದ್ದ ಮಾಲಾ ಇದು?" ಎಂದರು ಅತ್ತೆ. ಅವರೇನೂ ಪಿಸುಗುಟ್ಟಲಿಲ್ಲ.

ಕಡಿಮೆ ಬಾಡಿಗೆಯ ಹೊಸ ಮನೆಗಳಿಗೆ ಆಯ್ಕೆಯಾದವರಲ್ಲಿ ನಾವೂ ಇದ್ದೆವು. ಈಗಿರುವ ಮನೆಯನ್ನು ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಓನರ್ ಹೇಳಿಯಾಗಿತ್ತು. ಹೊಸ ಮನೆಗೆ ಮೂವರ ಸಂಸಾರಕ್ಕೆ ಒಂದು ಆದಾಯ ಮಿತಿ, ನಾಲ್ವರ ಸಂಸಾರಕ್ಕೆ ಅದಕ್ಕಿಂತ ಹೆಚ್ಚು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡನ ಸಂಬಳವೂ, ಲ್ಯಾಬಿನಲ್ಲಿ ಶೀಷೆಗಳಿಗೆ ಚೀಟಿ ಅಂಟಿಸುವ ನನ್ನ ಸಂಬಳವೂ ಸೇರಿ ಆ ಎರಡು ಮಿತಿಗಳ ನಡುವೆ ಸಿಕ್ಕಿಕೊಂಡಿದ್ದವು. ನಾನು, ಇವರು, ಮಗಳು ಪುಟ್ಟಿ ಅಷ್ಟೇ ಆದರೆ ಮನೆ ಇಲ್ಲ. ಅತ್ತೆ ಜೊತೆಗಿದ್ದರೆ ಉಂಟು.

ಅತ್ತೆ ನನ್ನ ಮದುವೆಯಾದಾಗಿನಿಂದ ನಮ್ಮ ಜೊತೆಗೇ ಇದ್ದವರು. ತೊಂದರೆ ಅದಲ್ಲ. ಲೆಕ್ಕಕ್ಕೆ ಸೇರುವವರ ಸಂಪಾದನೆಯೂ ಲೆಕ್ಕಕ್ಕೆ ಸೇರುತ್ತದೆ, ಮತ್ತು ಅತ್ತೆ ಹೊಲಿಗೆಯವರು. ಬೀದಿಯವರ ಪ್ಯಾಂಟಿನ ತುದಿ ಮಡಿಸುವುದು, ಜಿಪ್ ಹಾಕುವುದು, ಕಿಟಕಿ ಪರದೆ ಹೊಲಿಯುವುದು ಅವರ ಕೆಲಸ. "ನನ್ನ ಮಗ ತರೋದಕ್ಕಿಂತ ನಾನೇನೂ ಕಮ್ಮಿ ತರಲ್ಲ," ಎಂದು ಮೆಟ್ಟಿಲ ಮೇಲೆ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಎಷ್ಟು ಎಂದು ನಾನು ಕೇಳಿದವಳಲ್ಲ. ಹಾಗೆ ಕೇಳುವ ಸಲಿಗೆ ನಮ್ಮಲ್ಲಿರಲಿಲ್ಲ. ಮಗನ ಸಂಬಳದಷ್ಟೇ ಎಂದಾದರೆ ನಾಲ್ವರ ಮಿತಿಯೂ ದಾಟಿಹೋಗುತ್ತದೆ ಎಂದು ಹೆದರಿದೆ. ಅರ್ಜಿಯಲ್ಲಿ ಅವರ ಆದಾಯದ ಜಾಗವನ್ನು ಖಾಲಿ ಬಿಟ್ಟೆ. ಮೆಷಿನ್ನಿಗೆ ಹಳೇ ದುಪ್ಪಟಿ ಹೊದಿಸಿ, ತನಿಖೆ ಮುಗಿಯುವವರೆಗೆ ಹೊಲಿಗೆ ಬೇಡ ಎಂದೆ.

ಹಿಂದಿನ ದಿನ ಅತ್ತೆಯ ಸಿಟ್ಟು ಸಿಡಿದಿತ್ತು.

"ನಿನಗೆ ನನ್ನ ತಲೆ ಬೇಕು, ಕೈ ಬೇಡ. ಎಣಿಸೋಕೆ ಒಂದು ತಲೆ ಸಾಕಾದ್ರೆ ಮಂಚದ ಮೇಲೆ ಒಂದು ಕುಂಬಳಕಾಯಿ ತಂದಿಟ್ಕೋ, ಮಹಾರಾಯ್ತಿ!" ಎಂದು ಅತ್ತೆ ಬಟ್ಟೆ ತುಂಬಿಕೊಂಡಿದ್ದರು.

ಬಾಗಿಲು ತೆರೆದೆ. ಮೇಡಂ ಒಳಗೆ ಬಂದು ನಾಲ್ಕೂ ಗೋಡೆಗಳನ್ನು ನೋಡಿದರು. ಅವರ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ನನ್ನ ಕಣ್ಣೂ ಹೋಯಿತು. ಅತ್ತೆಯ ಖಾಲಿ ಕಪಾಟು. ಅವರ ಟವೆಲ್ ಇಲ್ಲದ ಮೊಳೆ. ಕೊನೆಗೆ ಚಪ್ಪಲಿ, ಚೀಲ.

"ಅಮ್ಮ ಎಲ್ಲಿಗೋ ಹೊರಟ ಹಾಗಿದೆ?"

"ಮಗಳ ಮನೆಗೆ," ಎಂದರು ಅತ್ತೆ.

"ನಾಲ್ಕು ದಿನ ಇದ್ದು ಬರೋಕಾ, ಅಲ್ಲೇ ಇರೋಕಾ? ಕೇಳಲೇಬೇಕು ಅಮ್ಮ. ನೀವು ಇಲ್ಲಿರಲ್ಲ ಅಂದ್ರೆ ಇವರದ್ದು ಮೂವರ ಲೆಕ್ಕ ಆಗುತ್ತೆ."

ಅತ್ತೆ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಇವಳನ್ನೇ ಕೇಳಿ. ಈ ಮನೇಲಿ ಯಾರಿರಬೇಕು, ಏನು ಮಾಡಬೇಕು, ಎಲ್ಲ ಇವಳಿಗೇ ಗೊತ್ತು."

ಅಷ್ಟರಲ್ಲಿ ಮೇಡಂ ದುಪ್ಪಟಿಯ ಅಂಚನ್ನು ಪೆನ್ನಿನಿಂದ ಎತ್ತಿದ್ದರು. ಸೂಜಿಯಲ್ಲಿ ಇನ್ನೂ ನೀಲಿ ದಾರ ಪೋಣಿಸಿದಂತೆಯೇ ಇತ್ತು.

"ಹೊಲಿಯೋರು ಯಾರು?"

ಮನೆಬಳಕೆಗೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಈಗ ಅವರ ಕೆಲಸವನ್ನು ಇಲ್ಲವೆಂದರೆ ಆ ಬಸ್ಸಿನಲ್ಲಿ ಹೋದವರು ತಿರುಗಿ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಹೌದೆಂದರೆ ಮನೆಯೇ ಹೋಗಬಹುದು. ಯಾವುದು ಹೆಚ್ಚು ಎಂದು ತೂಗುವಷ್ಟು ಹೊತ್ತಿರಲಿಲ್ಲ.

"ನಮ್ಮತ್ತೆ," ಎಂದೆ. "ದುಡ್ಡಿಗೇ ಹೊಲಿಯೋದು, ಮೇಡಂ. ಈ ಬೀದಿಗೆಲ್ಲ ಅವರೇ. ಮಿತಿ ಮೀರುತ್ತೆ ಅಂತ ಹೆದರಿ ನಾನೇ ನಿಲ್ಲಿಸಿದೆ, ಅರ್ಜೀಲೂ ಬರೀಲಿಲ್ಲ. ಅದಕ್ಕೇ ಮುನಿಸಿಕೊಂಡು ಹೊರಟಿದಾರೆ."

ಮೇಡಂ ಹುಬ್ಬು ಗಂಟಿಕ್ಕಿದರು. "ಬರೀಬೇಕಿತ್ತಮ್ಮ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಕೊಟ್ಟ ಮನೇನೂ ವಾಪಸ್ ತಗೋತಾರೆ." ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತರು. "ತಿಂಗಳಿಗೆ ಎಷ್ಟು ಬರುತ್ತೆ, ಅಮ್ಮ? ಇದ್ದದ್ದು ಇದ್ದ ಹಾಗೆ ಹೇಳಿ."

ಅತ್ತೆಯ ಕಿವಿ ಕೆಂಪಾಯಿತು. ನಾಚಿಕೆ ಎಂದು ನನಗೆ ಹೊಳೆಯಲಿಲ್ಲ. ದೊಡ್ಡ ಮೊತ್ತವೇ ಬರುತ್ತದೆ, ಕಥೆ ಮುಗಿಯಿತು ಎಂದುಕೊಂಡೆ.

"ಅಂದಾಜು ಸಾಕು."

ಅತ್ತೆ ಕಿಟಕಿಯ ಕಡೆ ತಿರುಗಿ, ಬಹಳ ಮೆಲ್ಲಗೆ, ಒಂದು ಮೊತ್ತ ಹೇಳಿದರು.

ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲೇ ಅವರು ತಮ್ಮ ಮಾತ್ರೆ ಕೊಂಡು, ಪುಟ್ಟಿಗೆ ಬೂಟು ಕೊಡಿಸಿ, ಬಂದವರ ಮುಂದೆ ತಲೆ ಎತ್ತಿ ಕೂರುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಮೆಷಿನ್ನಿನ ಮೇಲಿನ ದುಪ್ಪಟಿಯನ್ನು ತೆಗೆದು, ಮಡಿಸಿ, ಮತ್ತೆ ಬಿಚ್ಚಿ ಮಡಿಸಿದೆ.

ಮೇಡಂ ಮೂವರ ಆದಾಯವನ್ನೂ ಕೂಡಿದರು. "ನಾಲ್ವರ ಮಿತಿಗಿಂತ ತುಂಬಾ ಕೆಳಗೇ ಇದೀರಿ. ಇಷ್ಟಕ್ಕೆ ಹೆದರಿದ್ರಾ?" ಅರ್ಜಿಯನ್ನು ಅತ್ತೆಯ ಮುಂದಿಟ್ಟರು. "ಇಲ್ಲೇ ಇರೋರು ಅಂತಾದ್ರೆ ಸಹಿ ಹಾಕಿ."

ಅತ್ತೆ ಪೆನ್ನು ಹಿಡಿದು ನಿಂತರು.

"ಹೊಸ ಮನೇಲಿ ಬೆಳಕು ಬರೋ ಕಿಟಕಿ ಪಕ್ಕ ನನ್ನ ಮೆಷಿನ್ನು," ಎಂದರು ನನಗೆ.

"ಆಗಲಿ, ಅತ್ತೆ."

"ದುಪ್ಪಟಿ ಹೊದಿಸೋ ಹಾಗಿಲ್ಲ."

"ಇಲ್ಲ."

ಸಹಿ ಹಾಕಿ ಚಪ್ಪಲಿ ಕಳಚಿದರು. ಕೀಲಿಕೈಗೆ ಕಚೇರಿಯಿಂದ ಕರೆ ಬರುತ್ತದೆ ಎಂದು ಹೇಳಿ ಮೇಡಂ ಮೆಟ್ಟಿಲಿಳಿದರು.

ಸಂಜೆ ಇವರು ಗ್ರೀಸು ಮೆತ್ತಿದ ಕೈ ತೊಳೆಯುತ್ತಾ ಕೇಳಿದರು. "ಅಂತೂ ಅಮ್ಮನ ಸಂಪಾದನೆ ಎಷ್ಟಂತೆ? ನನಗಂತೂ ಯಾವತ್ತೂ ಬಾಯಿ ಬಿಟ್ಟಿಲ್ಲ."

ಒಳಗೆ ಓಡುತ್ತಿದ್ದ ಮೆಷಿನ್ನಿನ ಸದ್ದು ಥಟ್ಟನೆ ನಿಂತಿತು.

"ನಾನು ನೀರು ತರೋಕೆ ಒಳಗೆ ಹೋಗಿದ್ದೆ, ಕೇಳಿಸಲಿಲ್ಲ," ಎಂದೆ, ಒಳಗೂ ಕೇಳುವಷ್ಟು ಗಟ್ಟಿಯಾಗಿ. "ಕೂದಲೆಳೆ ಅಂತರದಲ್ಲಿ ಪಾರಾದ್ರಿ ಅಂದ್ರು ಮೇಡಂ."

ಆಮೇಲೆ ಮೆಷಿನ್ನು ಮತ್ತೆ ಟಕಟಕ ಶುರುವಾಯಿತು. ಅದರ ಮೇಲಿಂದ ಅತ್ತೆಯ ದನಿ ಬಂತು.

"ನೋಡಿದ್ಯೇನೋ! ಇನ್ನೊಂದು ಪ್ಯಾಂಟು ಹೊಲಿದಿದ್ರೆ ಮನೆ ಕೈತಪ್ಪಿ ಹೋಗ್ತಿತ್ತು!"