ಮೂಲೆಗೆ ಎತ್ತಿಟ್ಟ ಹಾಸಿಗೆ

ಹಸಿರು ಗೀಟಿನ ತೇಪೆ ಯಾರ ಹಾಸಿಗೆಗಾದರೂ ಇರಬಹುದಲ್ಲ? ಊರಲ್ಲಿ ಹಸಿರು ಗೀಟಿನ ಬಟ್ಟೆ ಇದ್ದದ್ದು ಅಕ್ಕನೊಬ್ಬಳ ಹತ್ತಿರವೇ? ಆದರೆ ತೇಪೆಯ ಮೂರು ಬದಿಗೆ ಕಪ್ಪು ದಾರ, ನಾಲ್ಕನೆಯದಕ್ಕೆ ಮಾತ್ರ ಬಿಳಿ. ಹೊಲಿಯುತ್ತಿದ್ದಾಗ ಕಪ್ಪು ದಾರ ಮುಗಿದುಹೋಗಿತ್ತು. ಇನ್ನೊಂದು ಉಂಡೆ ತಂದುಕೊಡೋ ಎಂದು ಅಕ್ಕ ಮೂರು ಸಲ ಹೇಳಿದ್ದಳು, ಅವನು ಮೂರು ಸಲವೂ ಮರೆತಿದ್ದ. ಹಾಗೆ ದಾರ ಮರೆತ ತಮ್ಮಂದಿರು ಊರಲ್ಲಿ ಎಷ್ಟು ಜನ ಇದ್ದಾರು?

ಗಾಜಿನ ಆಚೆ, ಕ್ರೇನಿನ ಪಂಜದಲ್ಲಿ ಆ ಹಾಸಿಗೆ ಸದ್ದಿಲ್ಲದೆ ತೂಗುತ್ತಿತ್ತು.

ಅವನ ಕೆಲಸ ವಿವರಿಸುವುದು ಸುಲಭ. ಊರಿನ ಕಸವೆಲ್ಲ ಲಾರಿಗಳಲ್ಲಿ ಬಂದು ಬಾವಿಯಷ್ಟು ಆಳದ, ಮೈದಾನದಷ್ಟು ಉದ್ದದ ಸಿಮೆಂಟು ಗುಂಡಿಗೆ ಬೀಳುತ್ತದೆ. ಗುಂಡಿಯ ನೆತ್ತಿಯ ಮೇಲೊಂದು ಗಾಜಿನ ಕೋಣೆ, ಒಳಗೊಂದು ಕುರ್ಚಿ, ಕುರ್ಚಿಯ ಎಡಬಲಕ್ಕೆ ಎರಡು ಹಿಡಿಗಳು. ಒಂದು ಕ್ರೇನನ್ನು ಓಡಿಸುತ್ತದೆ, ಇನ್ನೊಂದು ಪಂಜವನ್ನು ಇಳಿಸಿ ಎತ್ತುತ್ತದೆ. ಬಂದ ಕಸವನ್ನು ಬಂದಹಾಗೇ ಸುಡುವಂತಿಲ್ಲ. ನಾಲ್ಕೈದು ದಿನ ಅದರ ನೀರು ಬಸಿಯಬೇಕು. ಹಸಿಯನ್ನೂ ಒಣದನ್ನೂ ಎತ್ತಿ ಎತ್ತಿ ಹಾಕಿ ಕಲಸಬೇಕು. ಆಮೇಲೆ ಕುಲುಮೆಯ ಬಾಯಿಗೆ. ಕುಲುಮೆ ನೀರನ್ನು ಆವಿ ಮಾಡುತ್ತದೆ, ಆವಿ ಚಕ್ರ ತಿರುಗಿಸುತ್ತದೆ, ದೀಪ ಹತ್ತುತ್ತದೆ. 'ಊರಿನ ಹತ್ತು ದೀಪಗಳಲ್ಲೊಂದು ನೀವು ಬೇಡವೆಂದದ್ದರಿಂದ ಉರಿಯುತ್ತಿದೆ' ಎಂದು ಗೇಟಿನ ಬೋರ್ಡಿನ ಮೇಲೆ ಬರೆಸಿದ್ದಾರೆ. ಗಾಜಿನ ಕೋಣೆಗೆ ವಾಸನೆ ಬರುವುದಿಲ್ಲ, ಶಬ್ದವೂ ಬರುವುದಿಲ್ಲ. ಒಂದು ಮನೆಯಷ್ಟು ಕಸ ಕೆಳಗೆ ಬಿದ್ದರೂ ಅದು ಹತ್ತಿ ಬಿದ್ದಹಾಗೆ. ಒಂಬತ್ತು ವರ್ಷದಿಂದ ಆ ಮೌನದಲ್ಲಿ ಕೂತು ಕೂತು ಅವನಿಗೆ ಮಾತೇ ಕಡಿಮೆಯಾಗಿತ್ತು.

ಹಾಸಿಗೆಗೂ ಮುಂಚೆ, ಪಂಜದಲ್ಲಿ ಮೊದಲು ಕಂಡದ್ದು ಮನೆಯ ಕುರ್ಚಿ. ಎಡಗಾಲಿಗೆ ತಾಮ್ರದ ತಂತಿ ಸುತ್ತಿದ್ದ ಬಿಳಿ ಪ್ಲಾಸ್ಟಿಕ್ ಕುರ್ಚಿ. ತಂತಿ ಸುತ್ತಿದವನು ಅವನೇ. ಅಕ್ಕ ಕೊನೆಗೂ ಎಸೆದಳಲ್ಲ ಎಂದು ನಗುತ್ತಲೇ ಕುಲುಮೆಗೆ ಹಾಕಿದ. ಮಧ್ಯಾಹ್ನ ಮನೆಗೆ ಹೋದರೆ ಅಕ್ಕ ಅದೇ ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಮೂರನೆಯ ದಿನ ಅದರ ಕಾಲು ಮುರಿಯಿತು, ಕುರ್ಚಿ ಕಸದ ಲಾರಿಗೆ ಹೋಯಿತು. ಆಮೇಲೆ ರೇಡಿಯೊ, ಹೊಟ್ಟೆಗೆ ರಬ್ಬರ್ ಬ್ಯಾಂಡು ಹಾಕಿದ್ದು. ಬೆಳಗ್ಗೆ ಅದು ಪಂಜದಲ್ಲಿತ್ತು, ಅದನ್ನೂ ಸುಟ್ಟ. ಮಧ್ಯಾಹ್ನ ಅದು ಮನೆಯ ಕಿಟಕಿಯಲ್ಲಿ ಹಾಡುತ್ತಿತ್ತು. ಮೂರನೆಯ ದಿನ ಅದರ ಗಂಟಲು ಕಟ್ಟಿತು, ಅದೂ ಲಾರಿಗೆ ಹೋಯಿತು.

ಕುರ್ಚಿ ಮುರಿಯುತ್ತದೆ, ರೇಡಿಯೊ ಕೆಡುತ್ತದೆ. ಹಾಸಿಗೆಯ ಲೆಕ್ಕ ಬೇರೆ. ಅಕ್ಕ ಹಾಸಿಗೆ ಎಸೆಯುವವಳಲ್ಲ. ಅವನ ಶಾಲೆಯ ಅಂಗಿ ಹರಿದು ತೇಪೆ ಹಾಕಿ ಇಪ್ಪತ್ತೈದು ವರ್ಷ ಅದರ ಮೇಲೇ ಮಲಗಿದವಳು. ಅದು ಮನೆಯಿಂದ ಹೊರಗೆ ಹೋಗುವುದಿದ್ದರೆ ಅದಕ್ಕೆ ಒಂದೇ ಕಾರಣ ಇರಲು ಸಾಧ್ಯ.

ಅವನು ಪಂಜವನ್ನು ಕುಲುಮೆಯ ಕಡೆಗೆ ಒಯ್ಯಲಿಲ್ಲ. ಗುಂಡಿಯ ದೂರದ ಮೂಲೆಗೆ ಒಯ್ದು, ಕೂಸನ್ನು ಮಲಗಿಸುವಷ್ಟು ನಿಧಾನವಾಗಿ ಹಾಸಿಗೆಯನ್ನು ಇಳಿಸಿದ. ಯಾರಿಗೂ ಕಾಣದಿರಲಿ ಎಂದು ಅದರ ಮೇಲೆ ಆರು ಪಂಜ ಹಸಿ ಕಸ ಹೊದಿಸಿದ. ಸುಟ್ಟರೆ ತಾನೇ ಮೂರನೆಯ ದಿನ ಎಂಬುದು?

ಮನೆಗೆ ಹೋದಾಗ ಅಕ್ಕ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದಳು.

"ಇಲ್ಯಾಕೆ ಕೂತಿದ್ದೀಯ ಅಕ್ಕ?"

"ಮೆಟ್ಟಿಲು ಎಣಿಸ್ತಾ ಇದ್ದೆ. ನಿನ್ನೆಗಿಂತ ಹತ್ತು ಜಾಸ್ತಿ ಆಗಿವೆ." ಎಡ ಹೆಗಲನ್ನು ನೀವಿಕೊಂಡಳು. "ಎದೇಲಿ ಏನೋ ಹಿಡಿದ ಹಾಗೆ ಆಗುತ್ತೆ ಕಣೋ. ನಿನ್ನ ಕಸದ ಹೊಗೆ ಇರಬೇಕು."

"ಹೊಗೆ ಚಿಮಣಿಯಿಂದ ಮೇಲೆ ಹೋಗುತ್ತೆ."

"ಮೇಲೆ ಹೋದದ್ದು ಕೆಳಗೆ ಬರಲ್ವಾ? ಅದೇನು ಬಾಡಿಗೆ ಕೊಟ್ಟು ಅಲ್ಲೇ ಇರುತ್ತಾ?"

ಚೀಲ ಎತ್ತಿಕೊಂಡು ಅವಳ ಹಿಂದೆ ಹತ್ತಿದ. ಕೋಣೆಯಲ್ಲಿ ಹಾಸಿಗೆ ಗೋಡೆಗೆ ಒರಗಿತ್ತು. ಹಸಿರು ಗೀಟಿನ ತೇಪೆ, ಮೂರು ಬದಿ ಕಪ್ಪು, ಒಂದು ಬದಿ ಬಿಳಿ. ಅವನು ಮುಟ್ಟಿ ನೋಡಿದ. ಒದ್ದೆಯಾಗಿತ್ತು.

"ಬೆವರು ಕಣೋ," ಎಂದಳು ಅಕ್ಕ. "ಮಲಗಿದರೆ ಸಾಕು ನೀರಿಳಿದ ಹಾಗೆ ಇಳಿಯುತ್ತೆ. ಬಿಸಿಲಿಗೆ ಹಾಕಬೇಕು ಅದನ್ನ."

ಅಮ್ಮ ಹೋದಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಬಂದ ಸಂಬಂಧಗಳಿಗೆಲ್ಲ ಅವಳು ಹೇಳಿದ್ದು ಒಂದೇ, ಇವನೂ ನನ್ನ ಜೊತೆ ಬರ್ತಾನೆ ಎಂದು. ಯಾರೂ ಮತ್ತೆ ಬಾಗಿಲು ತಟ್ಟಲಿಲ್ಲ. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿದವರಲ್ಲ. ಈಗಲೂ ಅವನ ನಾಲಿಗೆಯ ತುದಿಗೆ ಏನೋ ಬಂತು. ಬಾಯಿಂದ ಹೊರಬಿದ್ದರೆ ನಿಜವಾಗಿಬಿಟ್ಟೀತು ಎನ್ನಿಸಿ ನುಂಗಿಕೊಂಡ. ಹೇಗೂ ಹಾಸಿಗೆ ಮೂಲೆಯಲ್ಲಿದೆಯಲ್ಲ, ತಾನು ಕಾಯುತ್ತಿದ್ದೇನಲ್ಲ.

ಕಾದ. ದಿನಾ ಪಾಳಿಗೆ ಬಂದವನೇ ಮೊದಲು ಆ ಮೂಲೆ ನೋಡುತ್ತಿದ್ದ, ಹೋಗುವ ಮುನ್ನ ಇನ್ನೆರಡು ಪಂಜ ಹೊದಿಸುತ್ತಿದ್ದ. ಮಧ್ಯಾಹ್ನ ಅಕ್ಕ ನಿದ್ದೆ ಹೋದಾಗ ಬಾಗಿಲ ಬಳಿ ನಿಂತು ಅವಳ ಉಸಿರು ಎಣಿಸುತ್ತಿದ್ದ. ಒಮ್ಮೊಮ್ಮೆ ಉಸಿರಿನ ಜೊತೆ ಇನ್ನೊಂದು ಸದ್ದು ಕೇಳುತ್ತಿತ್ತು, ಗುಂಡಿಯ ತಳದಲ್ಲಿ ನೀರು ಬಸಿಯುವಂಥದ್ದು. ಗಾಜಿನ ಕೋಣೆಯಲ್ಲಿ ಒಂಬತ್ತು ವರ್ಷ ಕೇಳದ ಸದ್ದು ಮನೆಯಲ್ಲಿ ಕೇಳುತ್ತಿತ್ತು.

ಮುಂದಿನ ಪಾಳಿಯವನನ್ನು ಎಲ್ಲರೂ ಗಂಟೆಯಣ್ಣ ಎನ್ನುತ್ತಿದ್ದರು, ಒಂದು ನಿಮಿಷ ಹೆಚ್ಚುಕಮ್ಮಿ ಮಾಡದೆ ಬರುತ್ತಿದ್ದನಾದ್ದರಿಂದ. ಹನ್ನೊಂದನೆಯ ದಿನ ಅವನು ಗಾಜಿಗೆ ಮೂಗು ಒತ್ತಿ ನಿಂತ.

"ಏನಪ್ಪಾ, ಆ ಮೂಲೆಯನ್ನ ಮಗಳ ಮದುವೆಗೆ ಅಂತ ಎತ್ತಿಟ್ಟಿದ್ದೀಯಾ?"

"ತುಂಬಾ ಹಸಿ ಇದೆ ಅಣ್ಣ. ಬಸೀಲಿ ಅಂತ ಬಿಟ್ಟಿದ್ದೀನಿ. ನೀನು ಮುಟ್ಟಬೇಡ."

"ಹನ್ನೊಂದು ದಿನದಿಂದ ಬಸೀತಾ ಇದೆಯಾ? ಅದು ಕಸವೋ ಕೆರೆಯೋ?" ಗಂಟೆಯಣ್ಣ ಕುರ್ಚಿಯಲ್ಲಿ ಕೂತು ಹಿಡಿಗಳನ್ನು ಒರೆಸಿಕೊಂಡ. "ಒಂದೇ ಕಡೆ ಗುಡ್ಡೆ ಹಾಕಿದರೆ ಒಳಗೊಳಗೇ ಕಾಯುತ್ತೆ. ನಿನಗೆ ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಿರಲಿಲ್ಲ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ಅವನು. ಕದಲಿಸದ ಕಸ ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ. ಹೊಗೆ ಕಂಡರೆ ಯೋಚಿಸಬಾರದು. ಹೊಗೆಯಾಡುವ ರಾಶಿಯನ್ನೇ ಮೊದಲು ಎತ್ತಿ ಕುಲುಮೆಗೆ ಹಾಕಬೇಕು. ಬೆಂಕಿಗೆ ಸುರಕ್ಷಿತ ಜಾಗ ಅದೊಂದೇ. ಇಷ್ಟೆಲ್ಲ ತಿಳಿದೂ ಅವನು ಹಾಸಿಗೆಯ ಮೇಲೆ ದಿನಾ ಹಸಿ ಕಸ ಹೊದಿಸಿದ್ದ.

ಹನ್ನೆರಡನೆಯ ದಿನ ಬೆಳಗ್ಗೆ ಹತ್ತಕ್ಕೆ ಆ ಮೂಲೆಯಿಂದ ಬಿಳಿ ಎಳೆಯೊಂದು ಎದ್ದಿತು. ಚಳಿಯಲ್ಲಿ ಮಲಗಿದವರ ಬಾಯಿಂದ ಬರುವ ಉಸಿರಿನ ಹಾಗೆ ನಿಂತು ನಿಂತು ಬರುತ್ತಿತ್ತು. ಫೋನು ಹೊಡೆದುಕೊಂಡಿತು. ಸೂಪರ್‌ವೈಸರ್ ದನಿ ತಗ್ಗಿಸಿಯೇ ಕೇಳಿದ.

"ಕಾಣ್ತಾ ಇದೆಯಾ?"

"ಕಾಣ್ತಾ ಇದೆ ಸಾರ್."

"ಮತ್ತೆ ಏನು ನೋಡ್ತಾ ಕೂತಿದ್ದೀಯ? ಲಾರಿ ಅಂಗಳದಲ್ಲಿ ಇಪ್ಪತ್ತು ಜನ ಇದ್ದಾರೆ."

ಅವರು ಕಾಣುತ್ತಿದ್ದರು. ಒಬ್ಬ ಚಕ್ರಕ್ಕೆ ಒರಗಿ ಬೀಡಿ ಇಲ್ಲದ ಬೆರಳುಗಳನ್ನು ತುಟಿಗೆ ತಂದು ತಂದು ಇಳಿಸುತ್ತಿದ್ದ. ಹೊಗೆ ದಪ್ಪವಾಯಿತು. ಅವನು ಎಡಹಿಡಿ ತಳ್ಳಿದ. ಪಂಜ ಮೂಲೆಗೆ ಹೋಯಿತು, ಇಳಿಯಿತು, ಎದ್ದಿತು. ಹನ್ನೆರಡು ದಿನ ಕಸದ ಕೆಳಗಿದ್ದ ಹಾಸಿಗೆಗೆ ಒಂದು ಕಲೆಯೂ ಆಗಿರಲಿಲ್ಲ. ಮಧ್ಯದಲ್ಲಿ ಮಾತ್ರ, ಈಗಷ್ಟೇ ಯಾರೋ ಎದ್ದುಹೋದಂತೆ, ಮೈಯುದ್ದದ ತಗ್ಗು. ಕುಲುಮೆಯ ಬಾಯಿಯ ಮೇಲೆ ಪಂಜ ತೆರೆಯಿತು. ಸದ್ದೇನೂ ಬರಲಿಲ್ಲ.

ಆ ಮಧ್ಯಾಹ್ನ ಅಕ್ಕ ಚಹಾ ಮಾಡಿಕೊಟ್ಟಳು. ತಲೆಯ ಮೇಲಿನ ದೀಪ ಒಮ್ಮೆ ಜೋರಾಗಿ ಉರಿದು ಮತ್ತೆ ಮೊದಲಿನಂತಾಯಿತು.

"ಇವತ್ತು ಒಳ್ಳೆ ಒಣ ಕಸ ಹಾಕಿದ್ದೀಯ ಅನ್ಸುತ್ತೆ," ಎಂದಳು. "ಯಾಕೋ ಹಾಗೆ ನೋಡ್ತೀಯ? ನನಗೇನು ಕೊಂಬು ಬಂದಿದೆಯಾ?"

"ಏನಿಲ್ಲ."

ಮಾರನೆಯ ದಿನವೂ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವನೂ ಪಕ್ಕದಲ್ಲಿ ಕೂತ.

ಮೂರನೆಯ ದಿನ ಬೆಳಗ್ಗೆ ಅವನು ಪಾಳಿಗೆ ಹೋಗಲಿಲ್ಲ. ಅಕ್ಕ ಬಟ್ಟೆ ಮಡಚುತ್ತಿದ್ದವಳು ಅವನ ಅಂಗಿಯೊಂದನ್ನು ಹಿಡಿದುಕೊಂಡೇ ಗೋಡೆಗೆ ಒರಗಿ ಕುಸಿದಳು. ಕೆಳಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ಒಳಗೆ ಹೋದ ಡಾಕ್ಟರು ಸ್ವಲ್ಪ ಹೊತ್ತಿಗೇ ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ದಣಿದಿದ್ದರು. ಹೃದಯ ನಿಂತಿದೆ ಎಂದು ಹೇಳಿ, ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೆಲ್ಲಗೆ ಕೇಳಿದರು.

"ನೋವು ಎಷ್ಟು ದಿನದಿಂದ ಇತ್ತು?"

"ಹದಿನಾಲ್ಕು ದಿನ," ಎಂದ ಅವನು, ಒಂದು ಕ್ಷಣವೂ ಯೋಚಿಸದೆ.

ಅವರು ಅವನ ಮುಖವನ್ನೇ ನೋಡಿದರು.

ಆ ಹದಿನಾಲ್ಕು ದಿನಗಳಲ್ಲಿ, ಅಕ್ಕ, ನಡಿ, ಡಾಕ್ಟರ ಹತ್ತಿರ ಹೋಗಿ ಬರೋಣ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ.