ಕಾಲಲ್ಲಿ ಕಲಿತ ಮಗ್ಗಿ

ಬೆಳಗಿನ ಮಗ್ಗಿ ನಡೆದಿತ್ತು. ನಾಲ್ಕನೆಯ ತರಗತಿಯ ಬೆಂಚೊಂದು ಮತ್ತೆ ಕಿರ್ ಕಿರ್ ಎನ್ನತೊಡಗಿತು. ವೃಂದಾ ಅಕ್ಕೋರಿಗೆ ಇದು ದಿನದ ಗೋಳು. ರೇಷ್ಮಾಳ ಬಲಗಾಲು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಏ ರೇಷ್ಮಾ, ಕಾಲಿಗೆ ಇರುವಿ ಕಡೀಲಿಕ್ಕೆ ಹತ್ಯಾವೇನ?"

ಮಕ್ಕಳು ಗೊಳ್ಳೆಂದರು.

"ಇಲ್ರೀ ಅಕ್ಕೋರ, ತಾನ ಅಳ್ಳಾಡತೈತ್ರಿ."

"ಎದ್ದು ನಿಂತು ಏಳರ ಮಗ್ಗಿ ಹೇಳು."

ಕಾಲು ಬಿಗಿಹಿಡಿದು ನಿಂತ ಹುಡುಗಿಗೆ ಅರ್ಧವೂ ಬಾಯಿಗೆ ಬರಲಿಲ್ಲ. ಅಕ್ಕೋರು ಬಾಗಿಲ ಕಡೆ ಬೆರಳು ತೋರಿಸಿದರು. ಅಂದು ಹೊರಗೆ ನಿಂತವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. "ಇನ್ನ ಶಾಲಿ ಬಿಟ್ಲಂತ್ರಿ" ಎಂದರು ಹುಡುಗರು.

ಅಂದು ಸಂಜೆ ಶಾಲೆ ಮುಗಿದ ಮೇಲೆ ವೃಂದಾ ರೇಷ್ಮಾಳ ಮನೆಗೆ ಹೋದರು. ಕಟ್ಟೆಯ ಮೇಲೆ ಅಜ್ಜಿ ಸಾವಕ್ಕ ಕುಳಿತಿದ್ದಳು.

"ಬರ್ರಿ ಅಕ್ಕೋರ. ಹೊರಗ ನಿಂದ್ರೂದ ಕಲಿಯಾಕಾದ್ರ ಶಾಲಿ ಯಾಕ್ರಿ? ನಮ್ಮ ಅಂಗಳ ಸಣ್ಣದೈತೇನು?"

"ಸುಮ್ಮ ಕೂಡೂದಿಲ್ಲ ಅಜ್ಜಿ ಅಕಿ. ಉಳದ ಮಕ್ಕಳಿಗೆ ತ್ರಾಸ ಆಗ್ತದ."

"ಇರ್ಲಿ ಬಿಡ್ರಿ. ಮೊದಲ ಅವರವ್ವ ಹಗಲಿಗೆ ಕೂಸಿನ್ನ ಹೊಲಕ್ಕ ಒಯ್ತಿದ್ಲು, ಮುಂಜಾನಿ ಸಂಜಿ ಅಷ್ಟ ಇಕಿ ತೂಗ್ತಿದ್ಲು. ಈಗ ಶಾಲಿ ಇಲ್ಲಂತ ಇಕಿ ಕಡೇನ ಬಿಟ್ಟು ಹೊಂಟಾಳ. ಒಳಗ ಅದಾಳ ನೋಡ್ರಿ."

ವೃಂದಾ ಹೊಸ್ತಿಲಲ್ಲೇ ನಿಂತರು. ತೊಲೆಗೆ ಕಲಘಟಗಿಯ ಬಣ್ಣದ ತೊಟ್ಟಿಲು ತೂಗುತ್ತಿತ್ತು. ಅದರ ಮೇಲಿನ ಗಿಣಿಗಳು ಮಾಸಿದ್ದವು. ತೊಟ್ಟಿಲ ಹಗ್ಗದ ತುದಿ ರೇಷ್ಮಾಳ ಬಲಗಾಲ ಹೆಬ್ಬೆರಳಿಗೆ ಕಟ್ಟಿತ್ತು. ಕೈ ಮೊರದಲ್ಲಿ ಅಕ್ಕಿ ಆರಿಸುತ್ತಿತ್ತು. ಬಾಯಿ ಮಗ್ಗಿ ಹೇಳುತ್ತಿತ್ತು, ಏಳರದಲ್ಲ, ಹದಿಮೂರರದು. ಒಂದು ತೂಗಿಗೆ ಒಂದು ಸಾಲು. ಕೂಸು ಮಿಸುಕಿತು. ಹುಡುಗಿ ತಲೆ ಎತ್ತಲಿಲ್ಲ. ಕಾಲು ನಿಧಾನವಾಯಿತು, ಅದರೊಂದಿಗೆ ಮಗ್ಗಿಯೂ ಜೋಗುಳದಂತೆ ಎಳೆದುಕೊಂಡಿತು. ಕೂಸು ಮತ್ತೆ ನಿದ್ದೆಗೆ ಜಾರಿತು. ಒಂದು ಸಾಲೂ ತಪ್ಪಲಿಲ್ಲ.

ವೃಂದಾ ಗುಡಿಯ ಮುಂದೆ ಬಿಡುವಂತೆ ಚಪ್ಪಲಿ ಬಿಟ್ಟು ಅಲ್ಲೇ ಕುಳಿತರು.

ಆಗ ಅವರನ್ನು ಕಂಡ ರೇಷ್ಮಾ ಬೆಚ್ಚಿ, ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದಳು.

"ಬಿಡವ್ವಾ, ತೂಗು" ಎಂದರು ವೃಂದಾ. "ಕೂಸು ಎದ್ದೀತು."

ಹೊರಡುವಾಗ ಕೇಳಿದರು, "ಅಜ್ಜಿ, ನಾಳೆ ಕಳಸ್ತೀರಿಲ್ಲೋ?"

"ಕಾಲು ಮನ್ಯಾಗ ಬಿಟ್ಟು ಕಳಸಾಕ ಬರೂದಿಲ್ರೀ!"

"ಕಾಲೂ ಬರ್ಲಿ ಅಜ್ಜಿ. ಅದನ್ನ ನಾ ಕರೀಲಿಕ್ಕೆ ಬಂದೀನಿ."

ಮರುದಿನ ರೇಷ್ಮಾ ಬಂದಾಗ ಅವಳ ಬೆಂಚಿನ ಕಾಲಿಗೆ ಗೋಣಿತಟ್ಟಿನ ತುಂಡು ಸುತ್ತಿತ್ತು. ಕಾಲು ಅಳ್ಳಾಡಿದರೂ ಬೆಂಚು ಕಿರ್ ಎನ್ನಲಿಲ್ಲ.

"ಇವತ್ತ ಮಗ್ಗಿ ರೇಷ್ಮಾ ಹೇಳಸ್ತಾಳ" ಎಂದರು ಅಕ್ಕೋರು.

ಅವಳು ಕುಳಿತೇ ಶುರು ಮಾಡಿದಳು. ಇಡೀ ತರಗತಿ ಆ ಕಾಲಿನ ಲಯಕ್ಕೆ ದನಿಗೂಡಿಸಿತು. ಹಲಗೆಯ ಪಕ್ಕದಲ್ಲಿ ನಿಂತ ಅಕ್ಕೋರ ಹೆಬ್ಬೆರಳೂ ಚಪ್ಪಲಿಯೊಳಗೆ ಮೆಲ್ಲಗೆ ಅಳ್ಳಾಡುತ್ತಿತ್ತು.