ಧಾರೆಯ ಮಬ್ಬು ಫೋಟೋ

ಫೋಟೋಗ್ರಾಫರ್ ಸಿದ್ದಾರ್ಥ ಆಲ್ಬಮ್ ಕೊಡಲು ಕಂಪಲಾಪುರಕ್ಕೆ ಹೋದ ದಿನ ಮನೆಯವರೆಲ್ಲ ಚಾಪೆಯ ಸುತ್ತ ಕೂತು ನೋಡಿದರು. ಧಾರೆಯ ಪುಟ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಮಗಳ ಕೈಮೇಲೆ ಹಾಲೆರೆಯುತ್ತಿದ್ದ ಚಾಮಯ್ಯನ ಮುಖ ನೀರಲ್ಲಿ ಅದ್ದಿದಂತೆ ಮಬ್ಬಾಗಿತ್ತು. ಸಿದ್ದಾರ್ಥನಿಗೆ ಅದು ಮೊದಲೇ ಗೊತ್ತಿತ್ತು. ಧಾರೆಯದು ಬೇರೆ ಒಳ್ಳೆಯದಿರಲಿಲ್ಲ, ಅದನ್ನೇ ಹಾಕಿದ್ದ. ಇದ್ಯಾಕೆ ಹೀಗೆ ಎಂದು ಮದುಮಗಳ ಸೋದರಮಾವ ಕಾಂತರಾಜು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನಿಂತಲ್ಲಿ ನಿಲ್ನಿಲ್ಲ ಕಣಣ್ಣ ಅವ್ರು. ತೂರಾಡ್ತಿದ್ರು. ನಾನೇನ್ ಮಾಡ್ಲಿ?"

"ಬೆಳಿಗ್ಗೇನೇ ಏರುಸ್ಕಂಡಿದ್ದ ಅನ್ನು," ಅಂದ ಕಾಂತರಾಜು.

ಎಲ್ಲರೂ ನಕ್ಕರು. ಸಿದ್ದಾರ್ಥನೂ ನಕ್ಕ. ಮದುಮಗಳು ಮಧುಶ್ರೀ ನಗಲಿಲ್ಲ. ಕುಡಿದು ಬಂದರೆ ಹಸೆಮಣೆಯಿಂದ ಎದ್ದು ಹೋಗುತ್ತೇನೆಂದು ಅವಳು ಅಪ್ಪನಿಗೆ ಮೊದಲೇ ಹೇಳಿದ್ದಳು. ಚಾಮಯ್ಯ ಅವಳ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟಿದ್ದ. ಮದುವೆಯ ದಿನ ಕುಡಿದಿರಲಿಲ್ಲ ಎಂದು ಅವನು ಎಷ್ಟು ಹೇಳಿದರೂ ಅವಳು ಮುಖ ನೋಡಲಿಲ್ಲ. ಹುಣಸೂರಿನ ಗಂಡನ ಮನೆಗೆ ಹೊರಟವಳು ಮತ್ತೆ ತವರಿಗೆ ಬರಲಿಲ್ಲ.

ಮುಂದೆ ಕೆ.ಆರ್. ನಗರದಲ್ಲಿ ಒಂದು ನಾಮಕರಣ. ಸಿದ್ದಾರ್ಥ ತೆಗೆದ ಫೋಟೋದಲ್ಲಿ ತೊಟ್ಟಿಲ ಕೂಸಿನ ಮುಖ ಮಬ್ಬು, ಹಿಂದಿನ ಗೋಡೆಯ ಬಲೂನುಗಳ ದಾರ ಕೂಡ ಸ್ಪಷ್ಟ. ಮಲಗಿದ್ದ ಕೂಸು ತೂರಾಡಿತು ಎನ್ನುವಂತಿರಲಿಲ್ಲ.

ಪಿರಿಯಾಪಟ್ಟಣದ ತನ್ನ ಸ್ಟುಡಿಯೋಗೆ ಬಂದವನೇ ಸಿದ್ದಾರ್ಥ ಸ್ಟೂಲಿನ ಮೇಲೆ ಹೂದಾನಿ ಇಟ್ಟ. ಹಿಂದೆ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಕಲಿತಂತೆಯೇ ಹೂವನ್ನು ನಡುವಿಗೆ ತಂದು ಗುಂಡಿಯನ್ನು ಅರ್ಧ ಒತ್ತಿ ಹಿಡಿದ, ಹೂ ಒಂದು ಬದಿಗೆ ಬರುವಂತೆ ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿ ಪೂರ್ತಿ ಒತ್ತಿದ. ಹೂ ಮಬ್ಬು, ಕ್ಯಾಲೆಂಡರಿನ ಅಂಕಿಗಳು ಚೂಪು. ತಿರುಗಿಸದೆ ತೆಗೆದಾಗ ಹೂ ಸರಿಯಾಗಿ ಬಂತು. ಲೆನ್ಸ್ ಬದಲಿಸಿ ಮತ್ತೆ ತಿರುಗಿಸಿ ತೆಗೆದ, ಹೂ ಮತ್ತೆ ಮಬ್ಬು. ಆಮೇಲೆ ಫೋಕಸ್ ಸೆಟ್ಟಿಂಗ್ ನೋಡಿದ. ಮಧುಶ್ರೀ ಮದುವೆಯ ಹಿಂದಿನ ಸಂಜೆ ಹುಡುಗರು ಕುಣಿಯುವಾಗ, ಓಡಾಡುವವರನ್ನು ಫೋಕಸ್ ಬೆನ್ನಟ್ಟಲೆಂದು ಅದನ್ನು ಬದಲಿಸಿದ್ದ. ಮತ್ತೆ ಹಿಂದಕ್ಕೆ ಹಾಕಲು ಮರೆತಿದ್ದ. ಹಾಗಿರುವಾಗ ಅರ್ಧ ಒತ್ತಿ ಹಿಡಿದರೂ ಫೋಕಸ್ ನಿಲ್ಲುವುದಿಲ್ಲ. ಕ್ಯಾಮೆರಾ ತಿರುಗಿದಂತೆ ಮುಖವನ್ನು ಬಿಟ್ಟು ನಡುವೆ ಸಿಕ್ಕಿದ್ದಕ್ಕೆ ಹೋಗಿ ಕೂರುತ್ತದೆ.

ಧಾರೆಯ ಫೋಟೋ ತೆಗೆದು ದೊಡ್ಡದು ಮಾಡಿದ. ಹಿಂದಿನ ಪರದೆಯ ಪ್ಲಾಸ್ಟಿಕ್ ಹೂಗಳು ಎಸಳು ಎಸಳಾಗಿ ಕಂಡವು. ಚಾಮಯ್ಯ ಮಬ್ಬು, ಮಧುಶ್ರೀ ಮಬ್ಬು, ಗಂಡೂ ಮಬ್ಬು. ಅವತ್ತು ಚಾಮಯ್ಯನನ್ನು ಬಿಟ್ಟು ಬೇರೆ ಯಾರ ಮುಖವನ್ನೂ ಯಾರೂ ನೋಡಿರಲಿಲ್ಲ.

ಸೆಟ್ಟಿಂಗ್ ಸರಿಮಾಡಿ ಸುಮ್ಮನಿದ್ದರೂ ಕೇಳುವವರಿರಲಿಲ್ಲ. ಕೆಲವು ದಿನ ಸುಮ್ಮನೇ ಇದ್ದ. ಆದರೆ ಕ್ಯಾಮೆರಾ ಎತ್ತಿದಾಗಲೆಲ್ಲ ತಾನು ನಕ್ಕಿದ್ದೇ ನೆನಪಾಗುತ್ತಿತ್ತು. ಕೊನೆಗೆ ಹುಣಸೂರಿಗೆ ಹೋಗಿ ಮಧುಶ್ರೀಗೆ ಮೊಬೈಲಿನಲ್ಲಿ ಅವಳ ಮುಖವನ್ನೇ ತೋರಿಸಿದ.

"ನೀವೂ ಮಬ್ಬಾಗಿದ್ದೀರ ನೋಡಿ ಅಕ್ಕ. ನಿಮ್ಮಪ್ಪ ಅಲ್ಲಾಡ್ನಿಲ್ಲ. ತಪ್ಪು ನಂದು."

ಅವಳು ಫೋಟೋವನ್ನು ಬೆರಳಲ್ಲಿ ಸರಿಸಿ ಅಪ್ಪನ ಮುಖವನ್ನೂ ನೋಡಿದಳು. "ನನ್ನತ್ರ ಪಿಸುಗುಟ್ಟುದ್ರೆ ಏನ್ ಬಂತು? ಅವತ್ತು ನಗಿಸ್ದೋರು ನೀವು. ನಕ್ಕೋರ್ ಮುಂದೆ ಹೇಳಿ ಬನ್ನಿ," ಎಂದು ತಾನೂ ಹೊರಡಲು ಚಪ್ಪಲಿ ಮೆಟ್ಟಿದಳು.

ಕಂಪಲಾಪುರದ ಕಾಂತರಾಜುವಿನ ಟೀ ಅಂಗಡಿಯ ಬೆಂಚಿನಲ್ಲೇ ಚಾಮಯ್ಯ ಕೂತಿದ್ದ. ಇನ್ನೂ ಬಿಸಿಲೇರಿರಲಿಲ್ಲ, ಆಗಲೇ ಅವನಿಂದ ಕುಡಿದ ವಾಸನೆ ಹೊಡೆಯುತ್ತಿತ್ತು. ಸಿದ್ದಾರ್ಥ ಎಲ್ಲರಿಗೂ ಕೇಳುವಂತೆ ನಡೆದದ್ದನ್ನು ಹೇಳಿ ಮೊಬೈಲನ್ನು ಕೈಯಿಂದ ಕೈಗೆ ಕೊಟ್ಟ. ಕಾಂತರಾಜು ನೋಡಿದ ಶಾಸ್ತ್ರ ಮಾಡಿ ವಾಪಸು ತಳ್ಳಿದ.

"ಇದನ್ನ ಹೇಳಾಕೆ ನಮ್ ಬಾವ ನಿಂಗೆಷ್ಟು ಕ್ವಾಟ್ರು ಕೊಡ್ಸುದ್ನಪ್ಪ?"

ಟೀ ಕುಡಿಯುತ್ತಿದ್ದವರು ಚಾಮಯ್ಯನ ಕಡೆ ತಿರುಗಿದರು. ಫೋಟೋಗಿಂತ ತಮ್ಮ ಮೂಗನ್ನೇ ಅವರು ನಂಬಿದರು. ಸಿದ್ದಾರ್ಥನಲ್ಲಿ ಬೇರೆ ಸಾಕ್ಷಿ ಇರಲಿಲ್ಲ.

ಚಾಮಯ್ಯ ಎರಡೂ ಕೈ ಮುಂದೆ ಚಾಚಿ ಹಿಡಿದ. "ಅವತ್ತು ಕುಡ್ದಿರ್ನಿಲ್ಲ, ಅದ್ಕೇ ಕೈ ಅದುರ್ತಿತ್ತು. ಯಾರೂ ನಂಬ್ನಿಲ್ಲ. ಇವತ್ತು ಕುಡ್ದಿವ್ನಿ, ನೋಡು, ಅದುರಾಕಿಲ್ಲ. ಈಗ ತಗಿ ನಿನ್ ಫೋಟೋವ."

ಮಧುಶ್ರೀ ಮೂಗಿಗೆ ಸೆರಗು ಒತ್ತಿಕೊಂಡು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. "ಇಬ್ರುದ್ದೂ ತಗೀರಿ," ಅಂದಳು.

ಸಿದ್ದಾರ್ಥ ಸೆಟ್ಟಿಂಗ್ ನೋಡಿದ, ಮತ್ತೊಮ್ಮೆ ನೋಡಿದ. ಚಾಮಯ್ಯನ ಕಣ್ಣಿಗೆ ಫೋಕಸ್ ಹಿಡಿದು, ಮಗಳೂ ಬರುವಂತೆ ಕ್ಯಾಮೆರಾ ತಿರುಗಿಸಿ ಒತ್ತಿದ. ಫೋಕಸ್ ಕದಲಲಿಲ್ಲ. ಕಣ್ಣಿನ ಕೆಂಪು, ಬತ್ತಿದ ಕೆನ್ನೆ, ಸೆರಗು ಹಿಡಿದ ಬೆರಳುಗಳು ಎಲ್ಲವೂ ಸ್ಪಷ್ಟವಾಗಿ ಬಂದಿದ್ದವು.

ತೋರಿಸು ಎಂದು ಕಾಂತರಾಜು ನಗುತ್ತ ಕೈಚಾಚಿದ. ಸಿದ್ದಾರ್ಥ ಕ್ಯಾಮೆರಾ ಕೊಡಲಿಲ್ಲ.